ಊರಿಗೆ ಹೋಗಿ ತಾಳಿ ಕಟ್ಟೋ ಮುಂಚೆ ಒಂದು ರಕ್ತ ಪರೀಕ್ಷೆ

"ಅಪ್ಪನಿಗೆ ಶುಗರ್ ಇತ್ತು, ನನಗೂ ಬಂದೇ ಬರುತ್ತೆ" ಅಂತ ನಮ್ಮಲ್ಲಿ ಬಹಳ ಜನ ಹೇಳ್ತೇವೆ. ವಂಶದಿಂದ ಬರೋ ಕಾಯಿಲೆಗಳನ್ನೆಲ್ಲ ಒಂದೇ ಖಾತೆಗೆ ಬರೆಯೋದು ನಮ್ಮ ರೂಢಿ. ನಿಜವಾಗಿ ಖಾತೆ ಎರಡಿವೆ.

ಮೊದಲನೆಯದು, ಒಂದೇ ಜೀನ್ ಕೆಟ್ಟು ಬರುವ ಕಾಯಿಲೆ. ಬೀಟಾ ಥಲಸ್ಸೀಮಿಯಾ ಇಂಥದ್ದು. ಭಾರತದಲ್ಲಿ ನೂರಕ್ಕೆ 3-4 ಜನ ಇದರ ವಾಹಕರು. ಅವರು ಆರೋಗ್ಯವಾಗೇ ಇರ್ತಾರೆ, ದುಡೀತಾರೆ, ಗೊತ್ತೇ ಆಗೋದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಈ ಲೆಕ್ಕದಲ್ಲಿ ಹಿಂದಿನ ಬಾಕಿ ಮುಂದಕ್ಕೆ ಬರೋದಿಲ್ಲ. ಮೊದಲ ಮಗು ಚೆನ್ನಾಗಿದೆ ಅಂದರೆ ಎರಡನೆಯದಕ್ಕೆ ರಿಯಾಯಿತಿ ಇಲ್ಲ. ಕಾಯಿಲೆ ಬಂದ ಮಗುವಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಕೊಡಿಸ್ತಾ ಇರಬೇಕು. ಸೋದರಮಾವ, ಅತ್ತೆಮಗಳು ಅಂತ ಸಂಬಂಧದಲ್ಲೇ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಜಾಸ್ತಿ.

ಎರಡನೆಯದು ಸಕ್ಕರೆ ಕಾಯಿಲೆ, ಬಿ.ಪಿ. ತರಹದ್ದು. ಇಲ್ಲಿ ನೂರಾರು ಜೀನ್‌ಗಳು ಚಿಲ್ಲರೆ ಚಿಲ್ಲರೆಯಾಗಿ ಸೇರ್ತವೆ. ಅದರ ಮೇಲೆ ರಾತ್ರಿ ಶಿಫ್ಟು, ಮೆಸ್ಸಿನ ಅನ್ನ, ಕೂತಲ್ಲೇ ಕೆಲಸ, ಹೊಟ್ಟೆಯ ಬೊಜ್ಜು. ಅಪ್ಪನಿಗಿದ್ದರೆ ನಮಗೆ ಅಪಾಯ ಹೆಚ್ಚು ನಿಜ, ಆದರೆ ಹಣೆಬರಹವೇನಲ್ಲ. ನಡಿಗೆ, ಊಟದ ಹಿಡಿತ, ವರ್ಷಕ್ಕೊಮ್ಮೆ ಪರೀಕ್ಷೆ, ಇವು ನಮ್ಮ ಕೈಯಲ್ಲೇ ಇವೆ.

ಥಲಸ್ಸೀಮಿಯಾದಂಥ ಒಂದೇ ಜೀನಿನ ಕಾಯಿಲೆಗೆ ನಡಿಗೆ, ಪಥ್ಯ ನಡೆಯೋದಿಲ್ಲ. ಅಲ್ಲಿ ಮುಂಚೆ ತಿಳಿಯೋದೇ ದಾರಿ. ಸೌದಿ, ಬಹ್ರೇನ್‌ಗಳಲ್ಲಿ 2004ರಿಂದಲೇ ಮದುವೆಗೆ ಮುಂಚಿನ ಪರೀಕ್ಷೆ ಕಡ್ಡಾಯ. ನಾವು ಊರಿನಲ್ಲಿ ಮದುವೆಯಾಗ್ತೇವೆ. ಅಲ್ಲಿ ಜಾತಕ ನೋಡ್ತಾರೆ, ರಕ್ತ ನೋಡೋರು ಕಡಿಮೆ.

ಮಾಡಬೇಕಾದ್ದು ಇಷ್ಟೆ. ಮೊದಲು ಸಾಮಾನ್ಯ ಸಿ.ಬಿ.ಸಿ. ಕೆಂಪು ರಕ್ತಕಣ ಚಿಕ್ಕದು ಅಂತ ಬಂದರೆ ಬರೀ ಕಬ್ಬಿಣದ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಹಿಮೋಗ್ಲೋಬಿನ್ ಎ2 ಪರೀಕ್ಷೆ ಬೇಕೇ ಅಂತ ಡಾಕ್ಟರನ್ನು ಕೇಳಿ. ಹುಡುಗಿಗೆ ಮಾತ್ರ ಟೆಸ್ಟ್ ಮಾಡಿಸಿ ಅನ್ನೋದು ಬೇಡ, ಹುಡುಗನೇ ಮೊದಲು ಮಾಡಿಸಲಿ. ಒಬ್ಬರು ವಾಹಕರಲ್ಲ ಅಂತ ಖಚಿತವಾದರೆ ಮಕ್ಕಳಿಗೆ ಥಲಸ್ಸೀಮಿಯಾ ಮೇಜರ್ ಭಯವಿಲ್ಲ. ಇಬ್ಬರೂ ವಾಹಕರಾಗಿದ್ದರೂ ಸಂಬಂಧ ಮುರೀಬೇಕಿಲ್ಲ; ಬಸಿರಾದ ಮೂರನೇ ತಿಂಗಳ ಹೊತ್ತಿಗೆ ಭ್ರೂಣ ಪರೀಕ್ಷೆ ಮಾಡಬಹುದು.

ಈ ಸಲ ರಜೆಗೆ ಹೊರಡೋ ಮುಂಚೆ, ಟಿಕೆಟ್ ಜೊತೆ ಈ ರಿಪೋರ್ಟೂ ಬ್ಯಾಗಿನಲ್ಲಿರಲಿ.