ಮೊಟ್ಟೆ ಹಂಚಿದ ಮೇಲೆ ಮಕ್ಕಳನ್ನು ತೂಗಿದರು

ಯೋಜನೆ ಫಲ ಕೊಟ್ಟಿತೇ ಎಂದು ಕೇಳಿದರೆ ಇಲಾಖೆಗಳು ಸಾಮಾನ್ಯವಾಗಿ ಖರ್ಚಿನ ಲೆಕ್ಕ ಒಪ್ಪಿಸುತ್ತವೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗದ ಮಕ್ಕಳೊಂದಿಗೆ ಒಂದು ಅಧ್ಯಯನದಲ್ಲಿ ಹೋಲಿಸಿ ನೋಡಿದರು. ಯಾದಗಿರಿಯಲ್ಲಿ ತೂಕ ಹೆಚ್ಚು ಏರಿತ್ತು. ಬೆಳೆಯುವ ಮಕ್ಕಳ ತೂಕ ಹೇಗೂ ಏರುತ್ತದೆ, ಅದಕ್ಕೇ ಗದಗ ಬೇಕಾಯಿತು. ಎರಡು ಜಿಲ್ಲೆಗಳು ಎಲ್ಲದರಲ್ಲೂ ಸಮವಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೂ ಹೋಲಿಕೆಯೇ ಇಲ್ಲದ ವರದಿಗಿಂತ ಇದು ಎಷ್ಟೋ ವಾಸಿ. ಹಸಿದ ಮಕ್ಕಳ ಮುಂದೆ ಅಧ್ಯಯನವೇಕೆ ಎನ್ನುವವರೂ ಉಂಟು. ಉಳಿದ ಜಿಲ್ಲೆಗಳ ಮಕ್ಕಳು ಕಾದದ್ದು ಕೆಲವೇ ತಿಂಗಳು: 2022ರಲ್ಲೇ ಮೊಟ್ಟೆ ರಾಜ್ಯಕ್ಕೆಲ್ಲ ಹಬ್ಬಿತು. ಕೆಲ ಮಠಾಧೀಶರ ವಿರೋಧವಿತ್ತು (ನಂಬಿಕೆಗೆ ಅಂಕಿ ಉತ್ತರವಾಗದು, ನಿಜ). ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಕೊಟ್ಟರು. ಚಿಕ್ಕಿಯ ಗುಣಮಟ್ಟದ ಬಗ್ಗೆ ದೂರು ಬಂದಾಗ ಅದನ್ನು ಕೈಬಿಟ್ಟರು. ಉಳಿದ ಯೋಜನೆಗಳನ್ನು ಹೀಗೆ ಅಳೆದದ್ದು ಯಾವಾಗ ಎಂದು ನಿಮ್ಮ ಶಾಸಕರನ್ನು ಕೇಳಿ.