ಎತ್ತು ಏರಿಗೆ, ಕೋಣ ನೀರಿಗೆ: ಅಮೆರಿಕದ ಮಹಾ ವೆಚ್ಚ ಮಸೂದೆ ಮತ್ತು ಒಂದು ಪಕ್ಷದ ಒಳಜಗಳ

ಹಣವಿಲ್ಲದಾಗ ಒಗ್ಗಟ್ಟಾಗಿದ್ದ ಮನೆ, ಕೈಗೆ ನಾಲ್ಕು ಕಾಸು ಬಂದ ಕೂಡಲೇ ಎರಡಾಗುವುದನ್ನು ನಾವೆಲ್ಲರೂ ಕಂಡವರೇ. ಹೊರನಾಡಿನ ಕನ್ನಡ ಸಂಘ-ಸಂಸ್ಥೆಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಸಂಘದ ಭವನ ಕಟ್ಟಿಸುವುದೋ, ಮಕ್ಕಳಿಗೆ ವಿದ್ಯಾರ್ಥಿ ವೇತನ ಕೊಡುವುದೋ ಎಂಬ ಪ್ರಶ್ನೆ ವಾರ್ಷಿಕ ಮಹಾಸಭೆಯಲ್ಲಿ ಎದ್ದಿತೆಂದರೆ ಸಾಕು, ಊಟದ ಹೊತ್ತು ಮೀರಿದರೂ ಚರ್ಚೆ ಮುಗಿಯುವುದಿಲ್ಲ. ಇದೇ ಪ್ರಶ್ನೆ 2021ರಲ್ಲಿ ಜಗತ್ತಿನ ಅತಿ ಶ್ರೀಮಂತ ರಾಷ್ಟ್ರದ ಆಡಳಿತ ಪಕ್ಷವನ್ನು ಒಂದು ವರ್ಷಕ್ಕೂ ಮಿಕ್ಕಿ ಕಾಡಿತು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಆ ಕತೆಯಲ್ಲಿ ನಮಗೂ ಕಲಿಯುವುದು ಇದೆ ಎಂಬ ಕಾರಣಕ್ಕೆ ಈ ಲೇಖನ.

ಐವತ್ತಕ್ಕೆ ಐವತ್ತು

2021ರ ಜನವರಿಯಲ್ಲಿ ಜೋ ಬೈಡನ್ ಅಮೆರಿಕದ ಅಧ್ಯಕ್ಷರಾದಾಗ ಅವರ ಡೆಮಾಕ್ರಟಿಕ್ ಪಕ್ಷಕ್ಕೆ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಅಲ್ಪ ಬಹುಮತವಿತ್ತು. ಮೇಲ್ಮನೆಯಾದ ಸೆನೆಟ್ಟಿನ 100 ಸ್ಥಾನಗಳಲ್ಲಿ, ಜತೆಗಿದ್ದ ಇಬ್ಬರು ಪಕ್ಷೇತರರೂ ಸೇರಿ, ಅವರ ಬಲ ಸರಿಯಾಗಿ 50. ಎದುರಿನ ರಿಪಬ್ಲಿಕನ್ ಪಕ್ಷದ್ದೂ 50. ಮತ ಸಮನಾದಾಗ ಅಂದಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ನಿರ್ಣಾಯಕ ಮತ ಹಾಕಬೇಕು. ಅಂದರೆ ಪಕ್ಷದ ಒಬ್ಬನೇ ಒಬ್ಬ ಸೆನೆಟರ್ ಮುಖ ತಿರುಗಿಸಿದರೂ ಸರಕಾರದ ಮಸೂದೆ ಬಿದ್ದಂತೆಯೇ.

ಅಲ್ಲಿ ಸಾಮಾನ್ಯ ಮಸೂದೆಗೆ ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮಂದಿಯ ಒಪ್ಪಿಗೆ ಬೇಕು. ಆದರೆ ಆದಾಯ-ವೆಚ್ಚಕ್ಕೆ ಸಂಬಂಧಿಸಿದ ಮಸೂದೆಯನ್ನು ವಿಶೇಷ ವಿಧಾನವೊಂದರಲ್ಲಿ ಸರಳ ಬಹುಮತದಿಂದಲೇ ಅಂಗೀಕರಿಸಬಹುದು. ಬೈಡನ್ ಪಕ್ಷ ಹಿಡಿದದ್ದು ಈ ದಾರಿಯನ್ನು.

ಮಸೂದೆಗಳು ಎರಡು. ಮೊದಲನೆಯದು ರಸ್ತೆ, ಸೇತುವೆ, ರೈಲು, ಕುಡಿಯುವ ನೀರು, ಇಂಟರ್‌ನೆಟ್ ಮುಂತಾದ ಮೂಲ ಸೌಕರ್ಯದ್ದು. ಇದರ ಗಾತ್ರ ಸುಮಾರು 1.2 ಲಕ್ಷ ಕೋಟಿ ಡಾಲರ್. ನಮ್ಮ ಲಕ್ಷ ಕೋಟಿಯೇ ಅವರ ಒಂದು ಟ್ರಿಲಿಯನ್. ಇದಕ್ಕೆ 2021ರ ಆಗಸ್ಟ್ 10ರಂದು ಸೆನೆಟ್ಟಿನಲ್ಲಿ 69-30 ಮತಗಳ ಒಪ್ಪಿಗೆ ಸಿಕ್ಕಿತು. ಎದುರು ಪಕ್ಷದ 19 ಮಂದಿಯೂ ಕೈ ಎತ್ತಿದ್ದರು. ಎರಡನೆಯದು 'ಬಿಲ್ಡ್ ಬ್ಯಾಕ್ ಬೆಟರ್' ಹೆಸರಿನ ಮಹಾ ಮಸೂದೆ. ಮಕ್ಕಳ ಪಾಲನೆ, ಉಚಿತ ಶಿಶುವಿಹಾರ, ಹೆರಿಗೆ ಹಾಗೂ ಕಾಯಿಲೆಗೆ ಸಂಬಳ ಸಹಿತ ರಜೆ, ವೃದ್ಧರ ಆರೋಗ್ಯ, ಶುದ್ಧ ಇಂಧನ ಎಲ್ಲವೂ ಇದರೊಳಗೆ. ಆರಂಭದ ಅಂದಾಜು 10 ವರ್ಷಗಳಿಗೆ 3.5 ಲಕ್ಷ ಕೋಟಿ ಡಾಲರ್. ಅಂದಿನ ವಿನಿಮಯ ದರ ಸುಮಾರು 74 ರೂಪಾಯಿ ಎಂದು ಹಿಡಿದರೆ ವರ್ಷವೊಂದಕ್ಕೆ ಹತ್ತಿರ ಹತ್ತಿರ 26 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ನಮ್ಮ ಕೇಂದ್ರ ಸರಕಾರದ ಇಡೀ ಮುಂಗಡಪತ್ರದ ಗಾತ್ರ 34.83 ಲಕ್ಷ ಕೋಟಿ ರೂಪಾಯಿ ಇತ್ತೆಂಬುದನ್ನು ನೆನೆದರೆ ಇದರ ಅಗಾಧತೆ ಅರಿವಾದೀತು.

ಗಂಟು ಹಾಕಿದವರು, ಬಿಚ್ಚಿದವರು

ಪಕ್ಷದೊಳಗೆ ಎರಡು ಬಣ. ಚೆನ್ನೈಯಲ್ಲಿ ಹುಟ್ಟಿದ ಪ್ರಮೀಳಾ ಜಯಪಾಲ್ ಕೆಳಮನೆಯಲ್ಲಿ ಪ್ರಗತಿಪರ ಬಣದ ನಾಯಕಿ. ಸೆನೆಟ್ಟಿನಲ್ಲಿ ಆ ಬಣದ ದನಿ ಬರ್ನಿ ಸ್ಯಾಂಡರ್ಸ್ ಅವರದು. ರಸ್ತೆಯ ಮಸೂದೆ ಎಲ್ಲರಿಗೂ ಬೇಕಾದದ್ದು. ಅದು ಮೊದಲೇ ಪಾಸಾದರೆ ಮಕ್ಕಳು-ತಾಯಂದಿರ ಮಸೂದೆಯನ್ನು ಕೇಳುವವರೇ ಇರುವುದಿಲ್ಲ. ಆದ್ದರಿಂದ ಎರಡನ್ನೂ ಜತೆಯಾಗಿಯೇ ನಡೆಸಬೇಕು ಎಂಬುದು ಇವರ ಪಟ್ಟು. ಜೋಶ್ ಗಾಟ್‌ಹೈಮರ್ ಮುಂತಾದ ಮಧ್ಯಮ ಮಾರ್ಗದವರು, ಕೈಗೆ ಸಿಕ್ಕಿದ್ದನ್ನು ಮೊದಲು ಪಾಸು ಮಾಡೋಣ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸೆಪ್ಟೆಂಬರ್ ಕೊನೆಯಲ್ಲಿ ನಡೆಯಬೇಕಿದ್ದ ಮತದಾನವನ್ನು ಸ್ಪೀಕರ್ ನ್ಯಾನ್ಸಿ ಪೆಲೋಸಿ ಮತ್ತೆ ಮತ್ತೆ ಮುಂದೂಡಬೇಕಾಯಿತು.

ಆದರೆ ನಿಜವಾದ ಬೀಗದ ಕೈ ಇದ್ದದ್ದು ಸೆನೆಟ್ಟಿನ ಇಬ್ಬರಲ್ಲಿ. ಒಬ್ಬರು ಅರಿಜೋನಾದ ಕಿರ್ಸ್ಟನ್ ಸಿನೆಮಾ. ಕಂಪೆನಿಗಳ ಹಾಗೂ ಶ್ರೀಮಂತರ ತೆರಿಗೆ ದರ ಏರಿಸುವುದಕ್ಕೆ ಅವರ ವಿರೋಧ. ಇನ್ನೊಬ್ಬರು ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್. ಕಲ್ಲಿದ್ದಲ ಗಣಿಗಳ ರಾಜ್ಯವದು. 2020ರಲ್ಲಿ ಅಲ್ಲಿ ಟ್ರಂಪ್ ಅವರಿಗೆ ಬಿದ್ದ ಮತ ಶೇ. 68ಕ್ಕೂ ಹೆಚ್ಚು. ಅಂಥ ಕಡೆ ಡೆಮಾಕ್ರಟಿಕ್ ಪಕ್ಷದ ಹೆಸರಲ್ಲಿ ಗೆದ್ದು ಬಂದ ಮನುಷ್ಯ ತನ್ನ ಊರ ಮತದಾರನನ್ನು ಮರೆಯುವಂತಿರಲಿಲ್ಲ. ಅವರ ಕುಟುಂಬಕ್ಕೇ ಕಲ್ಲಿದ್ದಲ ವ್ಯವಹಾರದಲ್ಲಿ ಹಿತಾಸಕ್ತಿಯಿದೆ ಎಂದು ಟೀಕಾಕಾರರು ಬೊಟ್ಟು ಮಾಡಿದ್ದೂ ಉಂಟು. ವಾಷಿಂಗ್ಟನ್ನಿನಲ್ಲಿ ಅವರು ವಾಸವಿದ್ದ ದೋಣಿಮನೆಯ ಸುತ್ತ ಅವರದೇ ರಾಜ್ಯದ ಜನ ಪುಟ್ಟ ದೋಣಿಗಳಲ್ಲಿ ಬಂದು ಪ್ರತಿಭಟಿಸಿದರು.

ಸಹಿ ಮಾಡಿದ ಒಂದು ಹಾಳೆ

ಬ್ಯಾಂಕಿನ ಗುಮಾಸ್ತನಾದ ನನ್ನ ಗಮನ ಸೆಳೆದದ್ದು ಭಾಷಣಗಳಲ್ಲ, ಒಂದು ಹಾಳೆ. 2021ರ ಜುಲೈ 28ರ ದಿನಾಂಕವಿದ್ದ ಆ ಹಾಳೆಯಲ್ಲಿ, ತನ್ನ ಮಿತಿ 1.5 ಲಕ್ಷ ಕೋಟಿ ಡಾಲರ್, ಅದಕ್ಕಿಂತ ಮೇಲೆ ಇಲ್ಲ ಎಂದು ಮ್ಯಾಂಚಿನ್ ಬರೆದುಕೊಟ್ಟಿದ್ದರು. ಸೆನೆಟ್ಟಿನ ಪಕ್ಷ ನಾಯಕ ಚಕ್ ಶೂಮರ್ ಅವರೂ ಅದಕ್ಕೆ ಸಹಿ ಹಾಕಿದ್ದರು. ಮನವೊಲಿಸಲು ಪ್ರಯತ್ನಿಸುವೆ ಎಂಬ ಟಿಪ್ಪಣಿಯೂ ಅವರದಿತ್ತು. ಆದರೆ ಆ ಹಾಳೆ ಸಾರ್ವಜನಿಕರಿಗೆ ತಿಳಿದದ್ದು ಸೆಪ್ಟೆಂಬರ್ 30ರಂದು. ನಡುವಿನ ಎರಡು ತಿಂಗಳು ಇಡೀ ಪಕ್ಷ 3.5 ಲಕ್ಷ ಕೋಟಿಯ ಲೆಕ್ಕದಲ್ಲೇ ಜನರಿಗೆ ಆಸೆ ತೋರಿಸುತ್ತಿತ್ತು. ಸಾಲದ ಮಂಜೂರಾತಿ ಮಿತಿ ಒಂದಿದ್ದು, ಗಿರಾಕಿಗೆ ಬಾಯಿಯಲ್ಲಿ ಹೇಳಿದ್ದು ಇನ್ನೊಂದಾದರೆ ಏನಾಗುತ್ತದೆ ಎಂಬುದು ಕೌಂಟರಿನಲ್ಲಿ ಕುಳಿತವರಿಗೆ ಗೊತ್ತು.

ಅಕ್ಟೋಬರ್ 28ರಂದು ಬೈಡನ್ ಮಸೂದೆಯನ್ನು 1.75 ಲಕ್ಷ ಕೋಟಿಗೆ ಇಳಿಸಿದ ಚೌಕಟ್ಟು ಮುಂದಿಟ್ಟರು. ನವೆಂಬರ್ 2ರಂದು ವರ್ಜೀನಿಯಾ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಪಕ್ಷ ಸೋತಿತು, ಎಲ್ಲರಿಗೂ ಗಾಬರಿ. ನವೆಂಬರ್ 5ರ ರಾತ್ರಿ, ಮಧ್ಯಮ ಮಾರ್ಗದವರಿಂದ ಲಿಖಿತ ಭರವಸೆ ಪಡೆದು ಪ್ರಗತಿಪರರು ಗಂಟು ಬಿಚ್ಚಿದರು. ರಸ್ತೆಯ ಮಸೂದೆ 228-206ರಲ್ಲಿ ಪಾಸಾಯಿತು. ಡೆಮಾಕ್ರಟಿಕ್ ಪಕ್ಷದ ಆರು ಮಂದಿ ವಿರುದ್ಧ ಮತ ಹಾಕಿದರೆ, ರಿಪಬ್ಲಿಕನ್ ಪಕ್ಷದ 13 ಮಂದಿ ಪರವಾಗಿ ಹಾಕಿದರು ಎಂಬುದು ಗಮನಾರ್ಹ.

ಕೊಟ್ಟ ಮಾತನ್ನು ಕೆಳಮನೆಯವರು ಉಳಿಸಿಕೊಂಡರು. ನವೆಂಬರ್ 19ರಂದು ಮಹಾ ಮಸೂದೆ 220-213ರಲ್ಲಿ ಅಲ್ಲಿ ಅಂಗೀಕಾರವಾಯಿತು. ಆದರೆ ಆ ಭರವಸೆ ಪತ್ರದಲ್ಲಿ ಮ್ಯಾಂಚಿನ್ ಅವರ ಸಹಿ ಇರಲಿಲ್ಲ. ಡಿಸೆಂಬರ್ 19ರ ಭಾನುವಾರ ಟಿವಿ ಸಂದರ್ಶನವೊಂದರಲ್ಲಿ, ಈ ಮಸೂದೆಗೆ ತನ್ನಿಂದ ಮತ ಹಾಕಲಾಗದು ಎಂದು ಅವರು ಹೇಳಿಬಿಟ್ಟರು. ಮಸೂದೆ ಅಲ್ಲಿಗೆ ಮುಗಿಯಿತು.

ಯಾರ ಲೆಕ್ಕ ಸರಿ?

ಮ್ಯಾಂಚಿನ್ ಅವರ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಗಾತ್ರ ಚಿಕ್ಕದಾಗಿ ಕಾಣಲೆಂದು ಮಸೂದೆಯಲ್ಲಿ ಕೆಲವು ಯೋಜನೆಗಳಿಗೆ ಒಂದೆರಡು ವರ್ಷಕ್ಕಷ್ಟೇ ಹಣ ಇಟ್ಟು, ಆದಾಯವನ್ನು ಮಾತ್ರ ಹತ್ತು ವರ್ಷಕ್ಕೆ ಲೆಕ್ಕ ಹಾಕಲಾಗಿತ್ತು. ಆ ಯೋಜನೆಗಳು ಕಾಯಂ ಆದರೆ ಹತ್ತು ವರ್ಷದಲ್ಲಿ ಕೊರತೆ 3 ಲಕ್ಷ ಕೋಟಿ ಡಾಲರ್ ಹೆಚ್ಚೀತು ಎಂದು ಅಲ್ಲಿನ ಸಂಸತ್ತಿನ ಮುಂಗಡಪತ್ರ ಕಚೇರಿ, ರಿಪಬ್ಲಿಕನ್ನರ ಕೋರಿಕೆಯ ಮೇರೆಗೆ ಲೆಕ್ಕ ಹಾಕಿ ಕೊಟ್ಟಿತು. ಮೊದಲ ವರ್ಷದ ಕಂತನ್ನಷ್ಟೇ ತೋರಿಸಿ ಇಪ್ಪತ್ತು ವರ್ಷದ ಸಾಲ ಮಾರಿದಂತೆ! ಅತ್ತ ಹಣದುಬ್ಬರ 2021ರ ನವೆಂಬರಿನಲ್ಲಿ ಶೇ. 6.8 ತಲುಪಿತ್ತು; 2022ರ ಜೂನಿನಲ್ಲಿ ಶೇ. 9.1ಕ್ಕೆ ಏರಿತು.

ಇನ್ನೊಂದು ಲೆಕ್ಕವೂ ಇದೆ. 2021ರ ಜುಲೈನಿಂದ ಡಿಸೆಂಬರ್‌ವರೆಗೆ ಅಮೆರಿಕದ ಬಹುಪಾಲು ಮಕ್ಕಳ ಹೆತ್ತವರಿಗೆ, ಆರು ವರ್ಷದೊಳಗಿನ ಮಗುವಿಗೆ ತಿಂಗಳಿಗೆ 300 ಡಾಲರ್, ಅದಕ್ಕಿಂತ ದೊಡ್ಡ ಮಗುವಿಗೆ 250 ಡಾಲರ್ ತನಕ ಸರಕಾರ ನೀಡುತ್ತಿತ್ತು. ಸುಮಾರು 6 ಕೋಟಿ ಮಕ್ಕಳಿಗೆ ತಲುಪುತ್ತಿದ್ದ ಈ ಹಣವನ್ನು ಮುಂದುವರಿಸಬೇಕಿದ್ದದ್ದು ಇದೇ ಮಸೂದೆ. ಮಸೂದೆ ಬಿತ್ತು, ಜನವರಿಯಿಂದ ಹಣ ನಿಂತಿತು. ತೆರಿಗೆ ರಿಯಾಯಿತಿ ಮತ್ತು ಸರಕಾರದ ನೆರವನ್ನೂ ಸೇರಿಸಿ ಅಲ್ಲಿನ ಜನಗಣತಿ ಇಲಾಖೆ ಲೆಕ್ಕ ಹಾಕುವ ಮಕ್ಕಳ ಬಡತನದ ಪ್ರಮಾಣ 2021ರಲ್ಲಿ ಶೇ. 5.2 ಇದ್ದದ್ದು, 2022ರಲ್ಲಿ ಶೇ. 12.4 ಆಯಿತು. ಕೊರೋನಾ ಕಾಲದ ಇತರ ನೆರವು ನಿಂತದ್ದೂ ಕಾರಣವೇ. ಆದರೆ ಈ ಮಾಸಿಕ ಹಣ ನಿಂತದ್ದು ಮುಖ್ಯ ಕಾರಣಗಳಲ್ಲಿ ಒಂದು. ದೊಡ್ಡವರ ಚೌಕಾಸಿಯಲ್ಲಿ ಬರಿಗೈಯಾದವರು ಮಾತು ಬಾರದ ಮಕ್ಕಳು.

ಕತೆ ಅಲ್ಲಿಗೇ ನಿಲ್ಲಲಿಲ್ಲ. ಶೂಮರ್ ಮತ್ತು ಮ್ಯಾಂಚಿನ್ ಸದ್ದಿಲ್ಲದೆ ಮಾತುಕತೆ ನಡೆಸಿ 2022ರ ಜುಲೈ 27ರಂದು ಒಪ್ಪಂದ ಪ್ರಕಟಿಸಿದರು. ಸಿನೆಮಾ ಕೇಳಿದ ತಿದ್ದುಪಡಿಯನ್ನೂ ಮಾಡಿ, ಆಗಸ್ಟ್ 7ರಂದು ಕಮಲಾ ಹ್ಯಾರಿಸ್ ಅವರ ಮತದೊಂದಿಗೆ 51-50ರಲ್ಲಿ ಅದು ಸೆನೆಟ್ ದಾಟಿತು; 16ರಂದು ಬೈಡನ್ ಸಹಿ ಹಾಕಿದರು. ಶುದ್ಧ ಇಂಧನಕ್ಕೆ ಸುಮಾರು 36,900 ಕೋಟಿ ಡಾಲರ್, ವೃದ್ಧರ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ, ದೊಡ್ಡ ಕಂಪೆನಿಗಳಿಗೆ ಕನಿಷ್ಠ ಶೇ. 15 ತೆರಿಗೆ ಉಳಿದವು. ಮಕ್ಕಳ ಮಾಸಿಕ ಹಣ, ಶಿಶುವಿಹಾರ, ಸಂಬಳ ಸಹಿತ ರಜೆ ಬಿಟ್ಟುಹೋದವು. ಮುಂದೆ ಸಿನೆಮಾ 2022ರ ಡಿಸೆಂಬರಿನಲ್ಲಿ, ಮ್ಯಾಂಚಿನ್ 2024ರ ಮೇಯಲ್ಲಿ ಪಕ್ಷ ತೊರೆದು ಪಕ್ಷೇತರರಾದರು. 2024ರ ಚುನಾವಣೆಯಲ್ಲಿ ಇಬ್ಬರೂ ಸ್ಪರ್ಧಿಸಲಿಲ್ಲ.

ಪಾತ್ರಧಾರಿಗಳು ಬೇರೆ, ನಾಟಕ ಅದೇ

ಇದು ಒಂದು ಪಕ್ಷದ ರೋಗ ಎಂದು ತಿಳಿಯಬೇಕಿಲ್ಲ. 2025ರಲ್ಲಿ ಟ್ರಂಪ್ ಅವರ ಭಾರೀ ತೆರಿಗೆ-ವೆಚ್ಚ ಮಸೂದೆ ಬಂದಾಗ ರಿಪಬ್ಲಿಕನ್ ಪಕ್ಷದಲ್ಲೂ ಇದೇ ನಡೆಯಿತು. ಸಾಲ ಹೆಚ್ಚುತ್ತದೆ ಎಂದು ರ‍್ಯಾಂಡ್ ಪಾಲ್, ಬಡವರ ಆರೋಗ್ಯ ವಿಮೆಗೆ ಕತ್ತರಿ ಬೀಳುತ್ತದೆ ಎಂದು ಥಾಮ್ ಟಿಲಿಸ್ ಹಾಗೂ ಸೂಸನ್ ಕಾಲಿನ್ಸ್ ವಿರೋಧಿಸಿದರು. ಜುಲೈ 1ರಂದು ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಮತ ಹಾಕಿ 51-50ರಲ್ಲಿ ಅದನ್ನು ಪಾರು ಮಾಡಿದರು. 2022ರ ಕಾಯ್ದೆಯ ಶುದ್ಧ ಇಂಧನದ ಹಲವು ರಿಯಾಯಿತಿಗಳನ್ನು ಈ ಹೊಸ ಕಾಯ್ದೆ ಮೊಟಕುಗೊಳಿಸಿತು. ಮಗ-ಮಗಳು ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ತಿಳಿದಿರಬೇಕಾದದ್ದು: ವಿದೇಶಕ್ಕೆ ಕಳಿಸುವ ಹಣದ ಮೇಲೆ ಮೊದಲು ಶೇ. 5 ಎಂದಿದ್ದ ತೆರಿಗೆ, ಕೆಳಮನೆಯಲ್ಲಿ ಶೇ. 3.5 ಆಗಿ, ಕೊನೆಗೆ ಶೇ. 1ಕ್ಕೆ ಇಳಿಯಿತು. 2026ರ ಜನವರಿ 1ರಿಂದ ಅನ್ವಯವಾಗುವ ಇದು ನಗದು, ಮನಿ ಆರ್ಡರ್ ಮುಂತಾದ ರೂಪದಲ್ಲಿ ಕಟ್ಟಿ ಕಳಿಸುವ ಹಣಕ್ಕಷ್ಟೇ. ಅಲ್ಲಿನ ಬ್ಯಾಂಕ್ ಖಾತೆಯಿಂದ ನೇರ ಬರುವ ಹಣಕ್ಕಿಲ್ಲ.

ನಮ್ಮ ಸಂಸತ್ತಿನಲ್ಲಿ ಇಂಥ ದೃಶ್ಯ ಕಾಣಸಿಗುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ, ಸ್ಥಾನವನ್ನೇ ಕಳೆದುಕೊಳ್ಳಬಹುದು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದಾಗ ಈ ಕಾನೂನಿನ ಹೆಸರು ಮನೆಮಾತಾಯಿತು. ಆಯಾರಾಂ-ಗಯಾರಾಂಗಳಿಗೆ ಕಡಿವಾಣ ಬೇಕಿತ್ತು, ನಿಜ. ಆದರೆ ಅದೇ ಕಡಿವಾಣ ಹಣದ ವಿಚಾರದಲ್ಲಿ ಪ್ರಾಮಾಣಿಕವಾಗಿ ಭಿನ್ನಮತ ಇರುವವನ ಬಾಯಿಯನ್ನೂ ಕಟ್ಟುತ್ತದೆ. ಲಕ್ಷಾಂತರ ಕೋಟಿಯ ಬೇಡಿಕೆಗಳು ಸಮಯ ಸಾಲದೆಂದು ಚರ್ಚೆಯಿಲ್ಲದೆ ಒಟ್ಟಿಗೆ ಅಂಗೀಕಾರವಾಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಅಲ್ಲಿ ಒಬ್ಬ ಸೆನೆಟರ್ ಇಡೀ ದೇಶವನ್ನು ಕಾಯಿಸಬಲ್ಲ. ಇಲ್ಲಿ ನೂರಾರು ಸದಸ್ಯರು ಕೈ ಎತ್ತುವುದಷ್ಟೇ ಕೆಲಸ. ಎರಡೂ ಅತಿಯೇ.

ಸಂಘ-ಸಂಸ್ಥೆಗಳ ಪದಾಧಿಕಾರಿ ಬಂಧುಗಳಿಗೆ ಈ ಕತೆಯಿಂದ ಮೂರು ಮಾತು ಹೇಳಬಹುದು. ಮೊದಲನೆಯದು, ವಿರೋಧ ಇದ್ದವರು ಮೊತ್ತ ಸಹಿತ ಮೊದಲೇ ಬರೆದುಕೊಡಲಿ. ಪದಾಧಿಕಾರಿಗಳು ಅದನ್ನು ಕಪಾಟಿನಲ್ಲಿಡದೆ ಸಭೆಗೆ ಓದಿ ಹೇಳಲಿ. ಎರಡನೆಯದು, ಭವನದ ಲೆಕ್ಕವಾಗಲಿ ವಿದ್ಯಾರ್ಥಿ ವೇತನದ ಲೆಕ್ಕವಾಗಲಿ ಮೊದಲ ವರ್ಷದ್ದಷ್ಟೇ ಅಲ್ಲ, ಹತ್ತು ವರ್ಷದ್ದು ಮುಂದಿಡಬೇಕು. ಮೂರನೆಯದು, ಜಗಳ ಎಷ್ಟೇ ನಡೆಯಲಿ, ಆಗಲೇ ಪಡೆಯುತ್ತಿರುವ ಮಗುವಿನ ನೆರವು ಅದು ಮುಗಿಯುವ ತನಕ ನಿಲ್ಲಬಾರದು. ಆ ಮೊತ್ತವನ್ನು ಬೇರೆಯೇ ಖಾತೆಯಲ್ಲಿ ತೆಗೆದಿಡಬೇಕು. ಮಹಾಸಭೆಯ ದಿನ ಶುಲ್ಕದ ರಸೀದಿ ಹಿಡಿದು ಹೊರಗೆ ಕಾಯುವ ಹುಡುಗಿಗೆ ಒಳಗಿನ ಬಣಗಳ ಹೆಸರು ಗೊತ್ತಿರುವುದಿಲ್ಲ. ಅವಳ ಕಾಲೇಜಿನ ಕಡೆಯ ದಿನಾಂಕ ಯಾವ ಬಣಕ್ಕೂ ಕಾಯುವುದಿಲ್ಲ.