ಕೂವೆಕಂಬದ ಕಡಾಣಿ

2018ರ ನವೆಂಬರ್ 5. ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೀಡ್ ಅವರ 36 ಅಡಿಯ ಹಾಯಿದೋಣಿ ಕೇಪ್ ಹಾರ್ನ್‌ನ ಪಶ್ಚಿಮಕ್ಕೆ ಅಲೆಯ ಹೊಡೆತಕ್ಕೆ ಮಗುಚಿತು, ಮತ್ತೆ ತಾನೇ ಎದ್ದಿತು. ಕೂವೆಕಂಬ ಮುರಿದಿರಲಿಲ್ಲ. ಆದರೆ ಕಂಬವನ್ನು ಇಕ್ಕೆಲಗಳಿಂದ ಬಿಗಿದು ಹಿಡಿದಿದ್ದ ಉಕ್ಕಿನ ತಂತಿಗಳು ಜೋಲುತ್ತಿದ್ದವು. ತಂತಿ ಕಂಬಕ್ಕೆ ಸೇರುವ ಜಾಗದಲ್ಲಿ ಬೋಲ್ಟು ಲೋಹವನ್ನು ಸೀಳಿಕೊಂಡು ಸುಮಾರು 5 ಸೆಂಟಿಮೀಟರ್ ಕೆಳಗಿಳಿದಿತ್ತು. 73 ವರ್ಷದ ಆ ನಾವಿಕ ನಡುಗಡಲಲ್ಲಿ ಮತ್ತೆ ಮತ್ತೆ ಕಂಬ ಹತ್ತಿ, ಕೈಲಿದ್ದ ಸಾಮಾನಿನಲ್ಲೇ ದುರಸ್ತಿ ಮಾಡಿ, 2019ರ ಜನವರಿ 29ರಂದು ಗೆದ್ದು ದಡ ಸೇರಿದರು.

ಅದೇ ಸ್ಪರ್ಧೆಯಲ್ಲಿ ಆರು ವಾರ ಮೊದಲು ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿ ‘ತುರಿಯ’, ಬಿರುಗಾಳಿಗೆ ಸಿಕ್ಕಿ ಕಂಬ ಕಳೆದುಕೊಂಡಿತ್ತು. ಬೆನ್ನಿಗೆ ಪೆಟ್ಟಾಗಿದ್ದ ಅವರನ್ನು ಫ್ರಾನ್ಸಿನ ಹಡಗು ಪಾರುಮಾಡಿತು. 2022ರಲ್ಲಿ ಟಾಮಿ ಮತ್ತೆ ಹೊರಟದ್ದು ‘ರಸ್ಲರ್ 36’ ಎಂಬ, 1980ರಷ್ಟು ಹಳೆಯ ಮಾದರಿಯ ದೋಣಿಯಲ್ಲಿ; ಆ ಸಲ ಎರಡನೆಯವರಾಗಿ ಬಂದರು. 1988ಕ್ಕಿಂತ ಹಿಂದಿನ ವಿನ್ಯಾಸವೇ ಆಗಬೇಕೆಂಬುದು ಈ ಸ್ಪರ್ಧೆಯ ನಿಯಮ. ಹಳೆಯ ದೋಣಿಯ ಒಡಲು ದಶಕಗಟ್ಟಲೆ ಬಾಳುತ್ತದೆ. ಬಾಳದಿರುವುದು ಕಂಬವನ್ನು ಹಿಡಿದಿಟ್ಟ ತಂತಿ, ಪಿನ್ನು, ಪಟ್ಟಿಗಳು. ಅವನ್ನು ಕಾಲಕಾಲಕ್ಕೆ ಬದಲಿಸುವ ಕುಶಲಿಗನೇ ರಿಗ್ಗರ್.

ನಮ್ಮ ಕರಾವಳಿಯ ಮಂಜಿ ಹಡಗುಗಳು ಹಾಯಿ ಬಿಚ್ಚಿ ಓಡುತ್ತಿದ್ದ ಕಾಲದಲ್ಲಿ ಕಂಬಕ್ಕೆ ಬಿಗಿಯುತ್ತಿದ್ದದ್ದು ತೆಂಗಿನ ನಾರಿನ ಹಗ್ಗ. ನಾರು ಸವೆದರೆ ಅಂಗೈಗೇ ಗೊತ್ತಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಗಲ್ಲ, ಹೊರಗೆ ಮಿರಮಿರ ಮಿಂಚುತ್ತಲೇ ಒಳಗೆ ತಿಂದುಹೋಗಿರುತ್ತದೆ. ಈ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಪೊರೆ ಹರಿದರೆ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಉಪ್ಪುನೀರು ನಿಂತ, ಗಾಳಿಯಾಡದ ಸಂದಿಯಲ್ಲಿ ಅದು ಸಿಗುವುದಿಲ್ಲ.

ಅಂಥ ಸಂದಿ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಚೈನ್‌ಪ್ಲೇಟಿನಲ್ಲಿ. ತಂತಿಯ ಎಳೆತವನ್ನು ದೋಣಿಯ ಒಡಲಿಗೆ ದಾಟಿಸುವ ಈ ಪಟ್ಟಿ ಹಲವು ದೋಣಿಗಳಲ್ಲಿ ಡೆಕ್ಕನ್ನು ತೂರಿ ಇಳಿಯುತ್ತದೆ. ಸುತ್ತಲಿನ ಸೀಲು ಬಿಟ್ಟಿತೆಂದರೆ ನೀರು ಸೇರಿ ಅಲ್ಲೇ ಕೂರುತ್ತದೆ. ಮೇಲಿನಿಂದ ನೋಡಿದರೆ ಕಂದು ಬಣ್ಣದ ಒಂದು ಸಣ್ಣ ಗೆರೆ, ಅಷ್ಟೆ. ಅದಕ್ಕೇ ಒಳ್ಳೆಯ ರಿಗ್ಗರ್ ಪಟ್ಟಿಯನ್ನು ಪೂರ್ತಿ ಹೊರಗೆಳೆಯುತ್ತಾನೆ. ಒರೆಸಿ ಕೆಂಪು ಬಣ್ಣದ ದ್ರವ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನು ಅಳಿಸಿ, ಬಿಳಿ ಪುಡಿಯ ಲೇಪ ಸಿಂಪಡಿಸುತ್ತಾನೆ. ಬಿರುಕಿದ್ದರೆ ಅದರೊಳಗೆ ಉಳಿದ ಕೆಂಪು, ಬಿಳಿಯ ಮೇಲೆ ಕೂದಲೆಳೆಯಂತೆ ಮೂಡುತ್ತದೆ. ಮೂಡಿದರೆ ಪಟ್ಟಿ ಗುಜರಿಗೆ.

ತಂತಿಯ ಪರೀಕ್ಷೆ ಇನ್ನೂ ಸರಳ. ನಡುವೆ ಒಂದು, ಸುತ್ತ ಆರು, ಅದರ ಹೊರಗೆ ಹನ್ನೆರಡು ಎಳೆ ಹೊಸೆದ ಈ ತಂತಿಯ ಉದ್ದಕ್ಕೂ ಹತ್ತಿ ಸವರಿದರೆ ಮುರಿದ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಂದೇ ಎಳೆ ಮುರಿದಿದ್ದರೂ ತಂತಿ ಬದಲಾಗಲೇಬೇಕು. ನೀರು ಕೆಳಗಿಳಿದು ನಿಲ್ಲುವುದರಿಂದ ಕೆಳತುದಿಯ ಜೋಡಣೆಗಳೇ ಸಾಮಾನ್ಯವಾಗಿ ಮೊದಲು ಸೀಳುತ್ತವೆ. ಏನೂ ಕಾಣದಿದ್ದರೂ 10ರಿಂದ 15 ವರ್ಷಕ್ಕೆ ಎಲ್ಲ ತಂತಿ ಬದಲಿಸುವುದು ವಾಡಿಕೆ. ಎಷ್ಟೋ ವಿಮಾ ಕಂಪನಿಗಳೂ ಇದನ್ನೇ ಕೇಳುತ್ತವೆ. ದುಬಾರಿಯೆನಿಸಿದರೂ ನ್ಯಾಯವಾದ ಬೇಡಿಕೆ.

ಕಂಬ ನಿಂತಿರುವಾಗಲೇ ಕೆಲಸ ಮಾಡುವುದಾದರೆ ಒಮ್ಮೆಗೆ ಒಂದೇ ತಂತಿ ಬಿಚ್ಚಬೇಕು. ಅಷ್ಟು ಹೊತ್ತು ಹಾಯಿ ಏರಿಸುವ ಹಗ್ಗವೇ ಕಂಬಕ್ಕೆ ಆಸರೆ. ತಂತಿಯನ್ನು ಬಿಗಿಮಾಡುವ ಟರ್ನ್‌ಬಕಲ್ಲಿಗೆ ಕಂಚಿನ ಒಡಲಿದ್ದರೆ ಮೇಲು, ಏಕೆಂದರೆ ಸ್ಟೀಲಿನ ಮರೆಗೆ ಸ್ಟೀಲೇ ಉಜ್ಜಿದರೆ ಕಚ್ಚಿಕೊಂಡು ಮತ್ತೆ ತಿರುಗುವುದೇ ಇಲ್ಲ. ಅದನ್ನು ಚೈನ್‌ಪ್ಲೇಟಿಗೆ ಸೇರಿಸುವಾಗ ತೂತಿನ ಅಳತೆಗಿಂತ ಸಣ್ಣ ಪಿನ್ನು ಹಾಕಿದರೆ ಅಲುಗಾಡಿ ಅಲುಗಾಡಿ ತೂತೇ ಉದ್ದವಾಗುತ್ತದೆ.

ಆ ಪಿನ್ನು ಕಳಚದಂತೆ ತಡೆಯುವುದು ಬೆಂಕಿಕಡ್ಡಿಗಿಂತ ಸಣ್ಣದಾದ ಕಾಟರ್ ಪಿನ್. ಬಂಡಿಯ ಗಾಲಿಗೆ ಕಡಾಣಿ ಇದ್ದಂತೆ. ಅದರ ಎರಡು ಕಾಲುಗಳನ್ನು ತುಸುವೇ ಅಗಲಿಸಬೇಕು; ಪೂರ್ತಿ ಮಡಚಿದರೆ ಅವಸರದಲ್ಲಿ ಬಿಚ್ಚಲಾಗದು. ಕೊನೆಗೆ ಹಾಯಿ ಹರಿಯದಂತೆ ಮೇಲೆ ಟೇಪು ಸುತ್ತಬೇಕು.

ಆದರೆ ಟೇಪನ್ನು ಮೊದಲ ದಿನವೇ ಸುತ್ತುವುದಿಲ್ಲ. ಹೊಸ ತಂತಿ ಸ್ವಲ್ಪ ಹಿಗ್ಗುತ್ತದೆ. ಹದವಾದ ಗಾಳಿಯಲ್ಲಿ ಒಂದು ಸುತ್ತು ಹೋಗಿ ಬಂದು, ಸಡಿಲಾದ ಬದಿಗೆ ಟರ್ನ್‌ಬಕಲ್ಲನ್ನು ಇನ್ನರ್ಧ ತಿರುವು ಬಿಗಿದು, ಕಂಬದ ಬುಡದಲ್ಲಿ ಕಣ್ಣಿಟ್ಟು ತುದಿಯವರೆಗೆ ನೆಟ್ಟಗಿದೆಯೇ ಎಂದು ನೋಡಿದ ಮೇಲಷ್ಟೇ ಟೇಪಿನ ಸುರುಳಿ ಹೊರಬರುತ್ತದೆ.